ಮಾಲಗಾದಿಂದ ರೋಂಡಾ ಕಡೆಗೆ ಮೋಟರ್‌ಹೋಮ್‌ನಲ್ಲಿ ಒಂದು ದಿನ: ಈ ಪ್ಲಾನ್ ಆಗುತ್ತಾ?

ನೆಕರ್_ದಂಡೆ
ಸ್ಟುಟ್‌ಗಾರ್ಟ್‌ನಿಂದ ಹೊರಡ್ತಿದೀವಿ. ಅಕ್ಟೋಬರ್ ಮೂರನೇ ವಾರ, ಇಬ್ಬರು ದೊಡ್ಡವರು, 9 ಮತ್ತು 6 ವರ್ಷದ ಮಕ್ಕಳು. ದಕ್ಷಿಣ ಸ್ಪೇನಿನ ಮಾಲಗಾ ವಿಮಾನ ನಿಲ್ದಾಣದ ಹತ್ತಿರ ಗಾಡಿ ಬಾಡಿಗೆಗೆ ತಗೋತೀವಿ. ಫಿಯೆಟ್ ಡುಕಾಟೊ ವ್ಯಾನ್ ಮೇಲೆ ಕಟ್ಟಿದ್ದು, ಉದ್ದ 6.99 ಮೀಟರ್, ಎತ್ತರ 3 ಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಒಟ್ಟು ತೂಕದ ಮಿತಿ 3,500 ಕೆಜಿ.

ಮೊದಲ ದಿನ: ಮಾಲಗಾ, ಆಂತೆಕೆರಾ ಡಾಲ್ಮೆನ್‌ಗಳು (ಶಿಲಾಯುಗದ ಕಲ್ಲುಗೋರಿಗಳು), ಎಲ್ ತೊರ್ಕಾಲ್ ಬಂಡೆಬೆಟ್ಟ, ಸೆತೆನಿಲ್, ರೋಂಡಾ, ಗ್ರಸಾಲೆಮಾ, ಅಲ್ಲಿಂದ ಪಲೋಮಾಸ್ ಘಾಟಿ ದಾಟಿ ಝಹಾರಾ. ಗೂಗಲ್ ನಾಲ್ಕು ಗಂಟೆ ಚಿಲ್ಲರೆ ಅಂತ ತೋರಿಸ್ತಿದೆ. ರಾತ್ರಿ ಝಹಾರಾ ಜಲಾಶಯದ ದಂಡೆಯಲ್ಲಿ ಎಲ್ಲಾದರೂ ನಿಲ್ಲಿಸೋದು. ಆಗುತ್ತಾ? ಏನೇನು ಬಿಡಬೇಕು?

ಒಂದ್ಲೈನ್
ಆಗಲ್ಲ.

ನಕ್ಷೆಪ್ರಿಯೆ
ಒಂದ್ಲೈನ್ ಹೇಳಿದ್ದು ಸರಿ, ಆದರೆ ಕಾರಣ ಬೇಕಲ್ವಾ.

ಆ ನಾಲ್ಕು ಗಂಟೆ ಕಾರಿನ ಲೆಕ್ಕ. ಹೈವೇಯಲ್ಲಿ ಅದಕ್ಕೆ ಶೇ. 15 ಸೇರಿಸಿ, ಬೆಟ್ಟದ ರಸ್ತೆಯಲ್ಲಿ ಶೇ. 40. ಸುಮ್ಮನೆ ಐದೂವರೆ ಗಂಟೆ ಸ್ಟಿಯರಿಂಗ್ ಹಿಂದೆ. ಇನ್ನು ಬಾಡಿಗೆ ಗಾಡಿ ಕೈಗೆ ಸಿಗುವ ಹೊತ್ತು: ಕಾಗದ, ಡೆಪಾಸಿಟ್, ಗ್ಯಾಸ್-ನೀರು-ಟಾಯ್ಲೆಟ್ ತೋರಿಸೋದು ಎಲ್ಲ ಸೇರಿ ಒಂದರಿಂದ ಒಂದೂವರೆ ಗಂಟೆ. ಎಷ್ಟೋ ಕಡೆ ಗಾಡಿ ಕೊಡೋದೇ ಮಧ್ಯಾಹ್ನದ ಮೇಲೆ. ಕರಾರಿನಲ್ಲಿ ಸಮಯ ನೋಡಿಕೊಳ್ಳಿ.

ಬೆಳಕಿನ ವಿಷಯ ಇನ್ನೊಂದು. ಸ್ಪೇನ್ ಇರೋದು ಹೆಚ್ಚುಕಡಿಮೆ ಲಂಡನ್‌ನ ರೇಖಾಂಶದಲ್ಲಿ, ಗಡಿಯಾರ ಬರ್ಲಿನ್‌ದು. ಆ ವಾರದಲ್ಲಿ ಮಾಲಗಾದಲ್ಲಿ ಸೂರ್ಯ ಹುಟ್ಟೋದು ಎಂಟೂವರೆ ಹತ್ತಿರ, ಮುಳುಗೋದು ಸಂಜೆ ಏಳೂವರೆಗೆ. ಏಳಕ್ಕೇ ಎದ್ದು ಹೊರಟರೆ ಕತ್ತಲಲ್ಲಿ ಹೊರಟ ಹಾಗೆ.

ನನ್ನ ಪ್ರಕಾರ ಆಂತೆಕೆರಾ-ತೊರ್ಕಾಲ್ ಒಂದು ದಿನ, ರೋಂಡಾ ಕಡೆ ಇನ್ನೊಂದು ದಿನ. ರೋಂಡಾವೇ ಬೇಕು ಅಂದ್ರೆ ಮಾಲಗಾ ಹೊರವರ್ತುಲದಿಂದ ಎ-357 ಹಿಡಿದು ಕಾರ್ತಮಾ, ಅರ್ದಾಲೆಸ್ ಕಡೆ ಹೋಗಿ, ಅಲ್ಲಿಂದ ಎ-367ರಲ್ಲಿ ಕುಎವಾಸ್ ದೆಲ್ ಬೆಸೆರೊ ಮೇಲೆ ರೋಂಡಾ. ಸುಮಾರು 100 ಕಿಮೀ. ಮೊದಲ ಭಾಗ ಜೋಡಿ ರಸ್ತೆ, ಆಮೇಲೆ ಅಗಲವಾದ, ಮೆತ್ತಗಿನ ಏರು. ಸಾನ್ ಪೆದ್ರೊ ಕಡೆಯಿಂದ ಬರುವ ಎ-397 ಸುಮಾರು 50 ಕಿಮೀ ಪೂರಾ ತಿರುವು. ರಸ್ತೆ ಚೆನ್ನಾಗಿದೆ, ಆದರೆ ಹಿಂದಿನ ಸೀಟಿನ ಮಕ್ಕಳ ಹೊಟ್ಟೆಗೆ ಆಗಿಬರಲ್ಲ.

ಹುಬ್ಳಿ_ಮಿರ್ಚಿ
ಏನ್ರೀ ಎಲ್ಲಾನೂ ಬ್ಯಾಡ ಅಂತೀರಿ. ಪಲೋಮಾಸ್ ದಾರಿ ಮ್ಯಾಲೆ ಮೋಟರ್‌ಹೋಮ್ ಓಡಾಡ್ತಾವ, ಯಾರೂ ತಡಿಯಂಗಿಲ್ಲ. ನಿಧಾನ ಹೋದ್ರ ಏನೂ ಆಗಂಗಿಲ್ಲ. ಆ ನೋಟ ಬಿಟ್ಟು ಬಯಲು ದಾರಿ ಹಿಡದ್ರ ಅಷ್ಟು ದೂರ ಯಾಕ ಹೋಗಬೇಕು?

ಡೀಸೆಲ್_ದೊರೆ
@ಹುಬ್ಳಿ_ಮಿರ್ಚಿ ಸಾರ್, ಓಡಾಡ್ತವೆ ಅನ್ನೋದು ಬೇರೆ, ಬಾಡಿಗೆ ಗಾಡಿ ತಗೊಂಡ ಮೊದಲ ದಿನವೇ ಓಡಿಸೋದು ಬೇರೆ.

ಸಿಎ-9104 ಅಂದ್ರೆ ಗ್ರಸಾಲೆಮಾದಿಂದ ಝಹಾರಾಕ್ಕೆ ಹೋಗೋ ರಸ್ತೆ. ನೆತ್ತಿ 1,100 ಮೀಟರ್‌ಗೂ ಮೇಲೆ. ಅಲ್ಲಿಂದ ಝಹಾರಾ ಜಲಾಶಯದವರೆಗೆ 800 ಮೀಟರ್ ಹತ್ತಿರದ ಇಳಿತ, ಅದೂ ಹತ್ತು-ಹದಿಮೂರು ಕಿಲೋಮೀಟರ್‌ನೊಳಗೇ, ಒಂದರ ಮೇಲೊಂದು ತಿರುವು. ಏನು ಕೆಡುತ್ತೆ ಅಂತ ಬಿಡಿಸಿ ಹೇಳ್ತೀನಿ.

ಮೊದಲನೇದು ಬ್ರೇಕ್. ಮೂರೂವರೆ ಟನ್ ಗಾಡೀನ ಕಾಲಲ್ಲಿ ಒತ್ತಿಕೊಂಡೇ ಇಳಿಸಿದರೆ ಪ್ಯಾಡ್ ಕಾದು ಹಿಡಿತ ಬಿಡುತ್ತೆ, ಪೆಡಲ್ ಮೆತ್ತಗಾಗುತ್ತೆ. ಬ್ರೇಕ್ ದ್ರವ ಹಳೇದಾಗಿ ನೀರು ಹೀರಿಕೊಂಡಿದ್ರೆ ಕುದಿಯುತ್ತೆ, ಆಗ ಪೆಡಲ್ ಪೂರಾ ಒಳಗೆ. ಮಾಡಬೇಕಾದ್ದು: ಇಳಿಯೋಕೆ ಮುಂಚೆನೇ ಎರಡು ಅಥವಾ ಮೂರನೇ ಗೇರ್, ಎಂಜಿನ್ ತಡೀಲಿ, ಬ್ರೇಕ್ ಜೋರಾಗಿ ಚಿಕ್ಕದಾಗಿ ಒತ್ತಿ ಪೂರಾ ಬಿಡಿ. ಆಟೋಮ್ಯಾಟಿಕ್ ಆದ್ರೆ ಮ್ಯಾನುವಲ್ ಮೋಡ್‌ಗೆ ಹಾಕಿ, ಇಲ್ದಿದ್ರೆ ಅದು ಪೆಟ್ರೋಲ್ ಉಳಿಸೋಕೆ ಮೇಲಿನ ಗೇರ್‌ಗೆ ಹೋಗ್ತಾನೇ ಇರುತ್ತೆ.

ಎರಡನೇದು ಹಿಂಬದಿ. ಆ ಗಾಡಿಗಳಲ್ಲಿ ಹಿಂದಿನ ಚಕ್ರದಿಂದ ಆಚೆಗೆ ಎರಡು ಮೀಟರ್ ಹತ್ತಿರ ಬಾಡಿ ಹೊರಗಿರುತ್ತೆ. ಎಡಕ್ಕೆ ಬಿಗಿಯಾಗಿ ತಿರುಗಿಸಿದ್ರೆ ಹಿಂಬದಿಯ ಬಲಮೂಲೆ ಹೊರಗೆ ಬೀಸುತ್ತೆ, ಕಲ್ಲಿನ ಗೋಡೆಗೆ ಅಲ್ಲೇ ಬಡಿಯೋದು. ಕನ್ನಡಿ ಸೇರಿ ಅಗಲ 2.7 ಮೀಟರ್ ಹತ್ತಿರ.

ಮೂರನೇದು, ಡುಕಾಟೊ ಮುಂದಿನ ಚಕ್ರದ ಎಳೆತ. ಹಿಂದೆ ಭಾರ ತುಂಬಿ, ಮಳೆ ಬಿದ್ದ ರಸ್ತೆಯಲ್ಲಿ ಹೇರ್‌ಪಿನ್ ಏರಿದ್ರೆ ಮುಂದಿನ ಚಕ್ರ ಸುತ್ತುತ್ತೆ ಅಷ್ಟೇ.

ಒಂದ್ಲೈನ್
ಡೀಸೆಲ್ ದೊರೆ ಪೆಟ್ರೋಲ್ ಉಳಿಸ್ತಿದಾರೆ 😄

ಡೀಸೆಲ್_ದೊರೆ
ಇಂಧನ ಅಂತ ಓದ್ಕೊಳ್ಳಿ ಸ್ವಾಮಿ. ಬಂಕ್‌ನಲ್ಲಿ ಮಾತ್ರ ಈ ತಪ್ಪು ಮಾಡಬೇಡಿ: ಡೀಸೆಲ್‌ಗೆ ಅಲ್ಲಿ ‘ಗಾಸೊಲಿಯೊ’, ಪೆಟ್ರೋಲ್‌ಗೆ ‘ಗಾಸೊಲಿನಾ’. ಪಂಪ್ ಮೇಲೆ ಚೌಕದೊಳಗೆ ಬಿ7 ಇದ್ರೆ ಡೀಸೆಲ್, ವೃತ್ತದೊಳಗೆ ಇ5 ಇದ್ರೆ ಪೆಟ್ರೋಲ್. ಆಡ್‌ಬ್ಲೂಗೆ (ಹೊಗೆ ಶುದ್ಧ ಮಾಡೋ ದ್ರವ) ಬೇರೆ ಮುಚ್ಚಳ, ಬೇರೆ ತೂತು. ಕುಡಿಯೋ ನೀರಿನ ಮುಚ್ಚಳವೂ ಗಾಡಿ ಪಕ್ಕದಲ್ಲೇ ಇರುತ್ತೆ. ಡೀಸೆಲ್ ಟ್ಯಾಂಕ್‌ಗೆ ನೀರು ಬಿಟ್ಟರೆ ಕೀಲಿ ತಿರುಗಿಸಲೇಬೇಡಿ, ಪಂಪ್ ಓಡಿದ ಕೂಡಲೇ ಇಂಜೆಕ್ಟರ್‌ವರೆಗೆ ನೀರು ಹೋಗುತ್ತೆ. ಹಾಗೇ ನಿಲ್ಲಿಸಿ ಬಾಡಿಗೆಯವರಿಗೆ ಫೋನ್ ಮಾಡಿ.

ಕುಡ್ಲದ_ಗಾಳಿ
ಗ್ರಸಾಲೆಮಾ ಅಂದ್ರೆ ಸ್ಪೇನಿನ ಆಗುಂಬೆ ಮಾರಾಯ್ರೆ. ಅಟ್ಲಾಂಟಿಕ್ ಕಡೆಯಿಂದ ಬರುವ ಮೋಡಕ್ಕೆ ಮೊದಲು ಸಿಗುವ ಎತ್ತರದ ಗುಡ್ಡ ಅದೇ, ಎಲ್ಲ ಅಲ್ಲೇ ಸುರಿಯುವುದು. ವರ್ಷಕ್ಕೆ ಸುಮಾರು 2,000 ಮಿಮೀ. ಐವತ್ತು ಕಿಲೋಮೀಟರ್ ಆಚೆ ಬಯಲು ಒಣಗಿ ಬಿದ್ದಿರುತ್ತದೆ. ಅಕ್ಟೋಬರ್‌ನಲ್ಲಿ ಮಳೆ ಶುರು ಆಗುವ ಕಾಲ, ಮೇಲೆ ಮಂಜು ಕೂತರೆ ಎದುರಿನ ತಿರುವೇ ಕಾಣುವುದಿಲ್ಲ.

ಹುಬ್ಳಿ_ಮಿರ್ಚಿ
ಆಗುಂಬಿಗೆ 7,000 ಮಿಮೀ ಮ್ಯಾಲೆ ಬೀಳ್ತದ, ಎಲ್ಲಿಂದೆಲ್ಲಿಗೆ ಹೋಲಿಸ್ತೀರಿ 😀 ಆದ್ರ ಮಂಜಿನ ಮಾತು ಖರೆ. ಬಿಸಿಲಿದ್ರ ಹೋಗ್ರಿ, ಮೋಡ ಇದ್ರ ಬಿಡ್ರಿ. ಇನ್ನೊಂದು: ಹೋಗೋದಾದ್ರ ಝಹಾರಾ ಕಡೆಯಿಂದ ಏರ್ರಿ, ಗ್ರಸಾಲೆಮಾ ಕಡೆ ಇಳೀರಿ. ಗ್ರಸಾಲೆಮಾ ಊರೇ 800 ಮೀಟರ್ ಎತ್ತರದಾಗ ಐತಿ, ಹಂಗಾಗಿ ಇಳಿತ ಕಡಿಮಿ. ಬ್ರೇಕಿನ ಸಮಸ್ಯೆ ಅರ್ಧ ಮುಗೀತು.

ಡೀಸೆಲ್_ದೊರೆ
ಇದು ಒಪ್ಪೋ ಮಾತು. ಆದ್ರೂ ಮೊದಲ ದಿನ ಬೇಡ.

ನಕ್ಷೆಪ್ರಿಯೆ
ಝಹಾರಾ ನೋಡಲೇಬೇಕು ಅಂದ್ರೆ ಘಾಟಿ ಹತ್ತೋದೇ ಬೇಕಿಲ್ಲ. ರೋಂಡಾದಿಂದ ಎ-374 ಹಿಡಿದು ಅಲ್ಗೊದೊನಾಲೆಸ್ ಕಡೆ ಹೋಗಿ, ಅಲ್ಲಿಂದ ಎ-2300. ಸುಮಾರು 35-40 ಕಿಮೀ, ಸಲೀಸು ರಸ್ತೆ. ಗಾಡೀನ ಬೆಟ್ಟದ ಬುಡದಲ್ಲೇ ನಿಲ್ಲಿಸಿ ನಡೆದು ಹತ್ತಿ. ಊರೊಳಗಿನ ಬೀದಿ ಏಳು ಮೀಟರ್ ಗಾಡಿಗೆ ಅಲ್ಲ.

ಸೆತೆನಿಲ್‌ಗೆ ಇದು ಎರಡರಷ್ಟು ಅನ್ವಯಿಸುತ್ತೆ. ಬಂಡೆಯ ಚಾಚಿನ ಕೆಳಗೇ ಮನೆ, ಅಂಗಡಿ, ಬೀದಿ ಇರೋ ಊರು ಅದು. ಫೋನಿನ ನಕ್ಷೆಗೆ ನಿಮ್ಮ ಗಾಡಿ ಮೂರು ಮೀಟರ್ ಎತ್ತರ ಅಂತ ಗೊತ್ತಿರಲ್ಲ, ನೇರ ಬಂಡೆ ಕೆಳಗಿನ ಬೀದಿಗೇ ಒಯ್ಯುತ್ತೆ, ಅಲ್ಲಿ ಹಿಂದೆ ತಿರುಗಿಸೋ ಜಾಗ ಇಲ್ಲ. ಊರ ಹೊರಗಿನ, ಮೇಲಿನ ಪಾರ್ಕಿಂಗನ್ನೇ ಗುರಿ ಅಂತ ಹಾಕಿಕೊಳ್ಳಿ, ಊರಿನ ಹೆಸರು ಹಾಕಬೇಡಿ. ಗಾಡಿಯ ಅಳತೆ ಕೊಡಲು ಆಗುವ ಕ್ಯಾಂಪರ್ ನ್ಯಾವಿಗೇಟರ್ ಬಾಡಿಗೆಯವರ ಹತ್ತಿರ ಇದ್ರೆ ತಗೊಳ್ಳಿ. ಇಲ್ದಿದ್ರೆ ಪಾರ್ಕ್‌ಫೋರ್‌ನೈಟ್ ಆ್ಯಪ್‌ನಲ್ಲಿ ಮೊದಲು ನಿಲ್ಲುವ ಜಾಗ ಹುಡುಕಿ, ಆಮೇಲೆ ದಾರಿ.

ನೆಕರ್_ದಂಡೆ
ತುಂಬಾ ಥ್ಯಾಂಕ್ಸ್. ಹಾಗಾದ್ರೆ ಗ್ರಸಾಲೆಮಾ, ಆಂತೆಕೆರಾ ಎರಡೂ ಬಿಟ್ಟೆ. ರೋಂಡಾದಲ್ಲಿ ಎಲ್ಲಿ ನಿಲ್ಲಿಸೋದು? ಮತ್ತೆ ರಾತ್ರಿ ಜಲಾಶಯದ ದಂಡೆ ಬಗ್ಗೆ ಯಾರೂ ಹೇಳಲಿಲ್ಲ.

ಕಲಂ_ಕಟ್ಟಳೆ
ಅದಕ್ಕೇ ಬಂದೆ. ಸ್ಪೇನಿನ ಸಂಚಾರ ಇಲಾಖೆ ಡಿಜಿಟಿ 2008ರಲ್ಲೇ ಸೂಚನೆ ಕೊಟ್ಟಿದೆ, 2023ರಲ್ಲಿ ಹೊಸದಾಗಿ ಹೊರಡಿಸಿದೆ. ಸಾರಾಂಶ ಇಷ್ಟು: ಬೇರೆ ವಾಹನ ನಿಲ್ಲಿಸಬಹುದಾದ ಕಡೆ ಮೋಟರ್‌ಹೋಮ್ ಕೂಡ ನಿಲ್ಲಿಸಬಹುದು, ಒಳಗೆ ಯಾರು ಮಲಗಿದಾರೆ ಅನ್ನೋದು ಸಂಚಾರ ನಿಯಮಕ್ಕೆ ಸಂಬಂಧ ಇಲ್ಲ. ಆದರೆ ಗಾಡಿ ಚಕ್ರದ ಮೇಲಷ್ಟೇ ನಿಂತಿರಬೇಕು, ಗೆರೆಯೊಳಗೆ ಇರಬೇಕು, ಗಾಡಿಯಿಂದ ಏನೂ ಆಚೆ ಚಾಚಬಾರದು. ಚಪ್ಪರ ಬಿಚ್ಚಿದ್ರೆ, ಕುರ್ಚಿ-ಮೇಜು ಹಾಕಿದ್ರೆ, ಜಾಕ್ ಇಳಿಸಿದ್ರೆ, ಹೊರಕ್ಕೆ ತೆರೆಯುವ ಕಿಟಕಿ ಎತ್ತಿದ್ರೆ ಅದು ಕ್ಯಾಂಪಿಂಗ್ ಲೆಕ್ಕ. ದಂಡ ಬೀಳುತ್ತೆ. ತೊಳೆದ ನೀರು ತೊಟ್ಟಿಕ್ಕಿದ್ರೂ ಅಷ್ಟೇ.

ಇದು ಊರಿನ ರಸ್ತೆಗೆ. ರಕ್ಷಿತ ಪ್ರಕೃತಿ ವಲಯದೊಳಗೆ ನಿಯಮ ಬೇರೆ. ಗ್ರಸಾಲೆಮಾ ಸುತ್ತಮುತ್ತ ನ್ಯಾಚುರಲ್ ಪಾರ್ಕ್, ರಾತ್ರಿ ಎಲ್ಲೆಂದರಲ್ಲಿ ಉಳಿಯುವ ಹಾಗಿಲ್ಲ. ಸಮುದ್ರ ದಂಡೆಯ ಸಾರ್ವಜನಿಕ ಪಟ್ಟಿಗೂ ಕರಾವಳಿ ಕಾನೂನು ಇದೆ, ಅಲ್ಲಿ ಬರೀ ನಿಲ್ಲಿಸಿದ್ರೂ ತಪ್ಪು. ಪುರಸಭೆಗಳು ತಮ್ಮ ತಮ್ಮ ಫಲಕ ಹಾಕಿರುತ್ತವೆ. ಆದ್ದರಿಂದ ದಂಡೆ ಬೇಡ, ಕ್ಯಾಂಪ್‌ಸೈಟ್ ಅಥವಾ ಮೋಟರ್‌ಹೋಮ್‌ಗೆಂದೇ ಇರುವ ‘ಆರೆಯಾ’ ನೋಡಿ.

ದಂಡ ಬಿದ್ದರೆ 20 ದಿನದೊಳಗೆ ಕಟ್ಟಿದ್ರೆ ಅರ್ಧ. ಹೊರದೇಶದವರಿಂದ ಪೊಲೀಸರು ಜಾಗದಲ್ಲೇ ಕಟ್ಟಿಸಿಕೊಳ್ಳಬಹುದು.

ನಕ್ಷೆಪ್ರಿಯೆ
ರೋಂಡಾದ ದಕ್ಷಿಣಕ್ಕೆ, ಎ-369ರ ಮೇಲೆ ಎಲ್ ಸುರ್ ಅನ್ನೋ ಕ್ಯಾಂಪ್‌ಸೈಟ್ ಇದೆ, ಹಳೇ ಊರಿಗೆ ನಡೆದು 20-25 ನಿಮಿಷ. ಉತ್ತರದಿಂದ ಬರುವಾಗ ನ್ಯಾವಿಗೇಟರ್ ಊರ ನಡುವೆ, ಹೊಸ ಸೇತುವೆ ಮೇಲೆ ಒಯ್ಯೋಕೆ ನೋಡುತ್ತೆ. ಬೈಪಾಸ್ ಬಿಡಬೇಡಿ.

ಆ ಸೇತುವೆ ಮೇಲೆ ನಡೆದೇ ಹೋಗಬೇಕು. ಹೆಸರಿಗೆ ‘ಹೊಸ’, ಕಟ್ಟಿದ್ದು 1751ರಿಂದ 1793ರವರೆಗೆ. ಕೆಳಗೆ ಗುಅದಲೆವಿನ್ ನದಿ, ಎತ್ತರ 98 ಮೀಟರ್. ಮೇಲಿಂದ ನೋಡಿದರೆ ಅರ್ಧ ಮಾತ್ರ. ಹಳೇ ಊರಿನ ಪಶ್ಚಿಮ ಬದಿಯಿಂದ ಕೆಳಗಿಳಿಯುವ ಕಾಲುದಾರಿಯಲ್ಲಿ ಇಳಿದು ನೋಡಿ, ಮಧ್ಯಾಹ್ನದ ಮೇಲೆ ಬಿಸಿಲು ಆ ಮುಖಕ್ಕೇ ಬೀಳುತ್ತೆ. ಗಾಡಿಯಲ್ಲಿ ಆ ಕೆಳಗಿನ ದಾರಿಗೆ ಇಳಿಯುವ ಯೋಚನೆ ಬೇಡ.

ಕುಡ್ಲದ_ಗಾಳಿ
ಆಂತೆಕೆರಾ ಪೂರ್ತಿ ಬಿಟ್ಟರೆ ಬೇಜಾರುಂಟು. ಮೆಂಗಾ ಡಾಲ್ಮೆನ್‌ನ ಬಾಗಿಲು ಸೂರ್ಯನ ಕಡೆಗೆ ಅಲ್ಲ, ಮಲಗಿದ ಮುಖದ ಹಾಗೆ ಕಾಣುವ ಪೆನ್ಯಾ ಬೆಟ್ಟದ ಕಡೆಗೆ. 2016ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿಸುವಾಗ ಆ ಬೆಟ್ಟ, ತೊರ್ಕಾಲ್ ಬಂಡೆಗಳು ಎಲ್ಲ ಒಟ್ಟಿಗೇ ಸೇರಿಸಿದ್ದು. ಮಾಲಗಾಕ್ಕೆ ವಾಪಸ್ ಬರುವ ದಿನ ಇಟ್ಟುಕೊಳ್ಳಿ, ಎ-45ರಲ್ಲಿ 50 ಕಿಮೀ ಅಷ್ಟೆ, ಟೋಲ್ ಇಲ್ಲ. ಪಕ್ಕದ ಎಪಿ-46ಕ್ಕೆ ಟೋಲ್ ಉಂಟು, ಹೆಸರಲ್ಲಿ ‘ಎಪಿ’ ಕಂಡರೆ ಕೈ ಜೇಬಿಗೆ ಹೋಗಲಿ.

ಕಲಂ_ಕಟ್ಟಳೆ
ಎಲ್ಲ ‘ಎಪಿ’ಗೂ ಟೋಲ್ ಇಲ್ಲ. ಸೆವಿಯಾ-ಕಾದಿಸ್ ನಡುವಿನ ಎಪಿ-4 2020ರ ಜನವರಿಯಿಂದ ಪುಕ್ಕಟೆ, ಹೆಸರು ಮಾತ್ರ ಹಾಗೇ ಉಳಿದಿದೆ.

ವೇಗದ ಮಿತಿಯೂ ಹೇಳಿಬಿಡ್ತೀನಿ: 3,500 ಕೆಜಿವರೆಗಿನ ಮೋಟರ್‌ಹೋಮ್‌ಗೆ ಹೈವೇಯಲ್ಲಿ 120, ಸಾದಾ ರಸ್ತೆಯಲ್ಲಿ 90. ಅದಕ್ಕಿಂತ ಭಾರದ್ದಾದರೆ 90 ಮತ್ತು 80. ಊರೊಳಗೆ ಒಂದೊಂದು ದಿಕ್ಕಿಗೆ ಒಂದೇ ಲೇನ್ ಇದ್ದರೆ 30.

ಡೀಸೆಲ್_ದೊರೆ
120ರಲ್ಲಿ ಓಡಿಸಿದ್ರೆ ಇಂಧನ ಸುರಿದುಹೋಗುತ್ತೆ, 95-100ಕ್ಕೆ ಇಟ್ಕೊಳ್ಳಿ. ತಾರಿಫಾ ಕಡೆ ಹೋದ್ರೆ ಇನ್ನೂ ಕಡಿಮೆ. ಪೂರ್ವದಿಂದ ಬರೋ ಲೆವಾಂತೆ ಗಾಳಿ ಬೀಸೋ ದಿನ ಮೂರು ಮೀಟರ್ ಎತ್ತರದ ಪೆಟ್ಟಿಗೇನ ಲೇನ್‌ನಿಂದ ಆಚೆ ತಳ್ಳುತ್ತೆ.

ಇದಕ್ಕಿಂತ ಮುಖ್ಯ ತೂಕ. ಇದನ್ನ ಯಾರೂ ಲೆಕ್ಕ ಹಾಕಲ್ಲ. ಇಂಥ ಗಾಡಿ ಖಾಲಿ ಇದ್ದಾಗಲೇ, ಡ್ರೈವರ್ ಸೇರಿಸಿ, 3,000ದಿಂದ 3,100 ಕೆಜಿ ಇರುತ್ತೆ. ಉಳಿಯೋದು 400-500. ಹೆಂಡತಿ-ಮಕ್ಕಳು ಸೇರಿ 120, ಸಾಮಾನು 80, ಮೇಜು-ಕುರ್ಚಿ 25, ಅಡುಗೆ ಸಾಮಾನು 40. ಗಾಡಿಗೆ ಆಮೇಲೆ ಹಾಕಿಸಿದ ಚಪ್ಪರ, ಸೋಲಾರ್, ಎರಡನೇ ಬ್ಯಾಟರಿ ಎಲ್ಲ ಕಾಗದದ ತೂಕದಲ್ಲಿ ಇರಲ್ಲ. ಅದರ ಮೇಲೆ 100 ಲೀಟರ್ ನೀರು ತುಂಬಿಸಿದ್ರೆ 100 ಕೆಜಿ ಬಂತು. ಬೆಟ್ಟ ಹತ್ತೋ ದಿನ 20-30 ಲೀಟರ್ ಸಾಕು, ಕ್ಯಾಂಪ್‌ಸೈಟಲ್ಲಿ ತುಂಬಿಸಿಕೊಳ್ಳಿ. ತೊಳೆದ ನೀರಿನ ಟ್ಯಾಂಕ್ ಖಾಲಿ ಮಾಡದೇ ಹೊರಡೋರೂ ಇದಾರೆ, ಅದೂ ಅಷ್ಟೇ ತೂಕ. ಟೈರ್ ಗಾಳಿ ಬಾಗಿಲ ಚೀಟಿ ನೋಡಿ: ಕ್ಯಾಂಪಿಂಗ್ ಟೈರ್‌ಗೆ 5 ಬಾರ್ ಆಸುಪಾಸು ಸಾಮಾನ್ಯ, ಕಾರಿನ 2.5 ಅಲ್ಲ.

ಹೊರಡೋಕೆ ಮುಂಚೆ: ಮೇಲಿನ ಕಿಟಕಿಗಳು ಮುಚ್ಚಿದೆಯಾ, ಮೆಟ್ಟಿಲು ಒಳಗೆ ಬಂದಿದೆಯಾ, ಫ್ರಿಜ್ ಬಾಗಿಲ ಚಿಲಕ, ಕರೆಂಟ್ ಕೇಬಲ್ ಕಿತ್ತಿದೆಯಾ, ಸಿಲಿಂಡರ್ ವಾಲ್ವ್ ಬಂದ್. ಗಾಡಿ ತಗೊಳ್ಳುವಾಗ ಫೋಟೊ ತೆಗೆಯೋದು ನಾಲ್ಕೂ ಮಗ್ಗುಲು ಅಷ್ಟೇ ಅಲ್ಲ, ಚಾವಣಿಯ ಅಂಚೂ ಸಹ. ಮೇಲ್ಭಾಗದ ಹಾನಿ ಹೆಚ್ಚಿನ ಕರಾರುಗಳಲ್ಲಿ ವಿಮೆಯ ಹೊರಗೆ.

ಸಾರು_ಹುಳಿ
ಅಡುಗೆ ಸಾಮಾನು 40 ಕೆಜಿ ಅಂದ್ರಲ್ಲ, ಅದ್ರಲ್ಲಿ ಮಿಕ್ಸಿ ಸೇರಿದೆಯಾ? ಇನ್ವರ್ಟರ್‌ನಲ್ಲಿ ಮಿಕ್ಸಿ ಓಡುತ್ತಾ?

ಡೀಸೆಲ್_ದೊರೆ
750 ವ್ಯಾಟ್ ಮಿಕ್ಸಿಗೆ 12 ವೋಲ್ಟ್‌ನಲ್ಲಿ 62 ಆಂಪ್, ಇನ್ವರ್ಟರ್ ನಷ್ಟ ಸೇರಿ 70. ಸಿಗರೇಟ್ ಲೈಟರ್ ಸಾಕೆಟ್‌ನ ಫ್ಯೂಸ್ 15-20 ಆಂಪ್. ಒತ್ತಿದ ಕ್ಷಣ ಫ್ಯೂಸ್ ಹೋಗುತ್ತೆ. ಕ್ಯಾಂಪ್‌ಸೈಟ್ ಕರೆಂಟ್ ಇದ್ದಾಗ ಮಾತ್ರ. ಅಲ್ಲೂ ಲೆಕ್ಕ ಇಟ್ಕೊಳ್ಳಿ: ಎಷ್ಟೋ ಕಡೆ ಕೊಡೋದು 6 ಆಂಪ್, ಅಂದ್ರೆ 1,380 ವ್ಯಾಟ್. ಫ್ರಿಜ್, ಬ್ಯಾಟರಿ ಚಾರ್ಜರ್ ಸೇರಿ ಮುನ್ನೂರು-ನಾನೂರು ಅದರಲ್ಲೇ ಹೋಯ್ತು. ಮಿಕ್ಸಿ ಓಡುತ್ತೆ. 2,000 ವ್ಯಾಟ್ ಕೆಟಲ್, ಇಂಡಕ್ಷನ್ ಹಾಕಿದ್ರೆ ಕಂಬದ ಸ್ವಿಚ್ಚೇ ಬೀಳುತ್ತೆ, ಆಫೀಸಿನವರು ಬಂದು ಎತ್ತೋವರೆಗೆ ಕತ್ತಲು.

ಸಾರು_ಹುಳಿ
ಹಾಗಿದ್ರೆ ಗ್ಯಾಸ್ ಒಲೆ ಮೇಲೆ ಕುಕ್ಕರ್. ಮೂರು ಬರ್ನರ್ ಒತ್ತೊತ್ತಾಗಿ ಇರುತ್ತವೆ, 5 ಲೀಟರ್ ಕುಕ್ಕರ್ ಇಟ್ರೆ ಪಕ್ಕದ ಎರಡೂ ಬಂದ್. 3 ಲೀಟರ್‌ದು ಸಾಕು ನಾಲ್ಕು ಜನಕ್ಕೆ. ಒಲೆಯ ಗಾಜಿನ ಮುಚ್ಚಳ ಪೂರಾ ಎತ್ತಿರಬೇಕು, ಉರಿ ಆರಿದ ಕೂಡಲೇ ಮುಚ್ಚಿದ್ರೆ ಒಡೆಯುತ್ತೆ. ಸೀಟಿ ಹೊಡೆಯುವಾಗ ಚಾವಣಿ ಕಿಟಕಿ ತೆಗೆದಿಡಿ.

ಭಾನುವಾರ ದೊಡ್ಡ ಸೂಪರ್‌ಮಾರ್ಕೆಟ್‌ಗಳು ಬಹುತೇಕ ಮುಚ್ಚಿರುತ್ತವೆ, ಶನಿವಾರವೇ ಅಕ್ಕಿ-ಬೇಳೆ-ಮೊಸರು ಮುಗಿಸಿಕೊಳ್ಳಿ. ಸಣ್ಣ ಊರಲ್ಲಿ ಎರಡರಿಂದ ಐದರವರೆಗೆ ಅಂಗಡಿ ಬಾಗಿಲು ಹಾಕಿರುತ್ತೆ. ಹೋಟೆಲ್ ಊಟ ಶುರುವಾಗೋದೇ ಮಧ್ಯಾಹ್ನ ಒಂದೂವರೆ-ಎರಡಕ್ಕೆ. ಮಾಂಸ ತಿನ್ನದವರು ‘ಸಿನ್ ಕಾರ್ನೆ’ ಅಂದ್ರೆ ಸಾಲದು, ಸಲಾಡ್ ಮೇಲೆ ಟ್ಯೂನಾ ಬರುತ್ತೆ, ಸಾಲ್ಮೊರೆಹೊ ಅನ್ನೋ ತಣ್ಣನೆ ಟೊಮೆಟೊ ಸೂಪ್ ಮೇಲೆ ಹ್ಯಾಮ್ ಚೂರು ಉದುರಿಸಿ ತರ್ತಾರೆ. ‘ಸಿನ್ ಹಾಮೋನ್, ಸಿನ್ ಅತೂನ್, ಸಿನ್ ಉಎವೊ’ (ಹ್ಯಾಮ್ ಬೇಡ, ಟ್ಯೂನಾ ಬೇಡ, ಮೊಟ್ಟೆ ಬೇಡ) ಅಂತ ಒಂದೊಂದೇ ಹೇಳಿ. ಬದನೆಕಾಯಿ ಕರಿದು ಕಬ್ಬಿನ ಜೋನಿಬೆಲ್ಲದ ಥರದ್ದು ಸುರಿದು ಕೊಡ್ತಾರೆ, ಮಕ್ಕಳಿಗೆ ಹಿಡಿಸುತ್ತೆ. ಆಂತೆಕೆರಾ ಕಡೆಯ ಮೊಯೆತೆ ಬ್ರೆಡ್ ಮೆತ್ತಗಿರುತ್ತೆ, ಟೊಮೆಟೊ-ಆಲಿವ್ ಎಣ್ಣೆ ಜೊತೆ ಬೆಳಗ್ಗಿನ ತಿಂಡಿಗೆ ಸಾಕು.

ಹುಬ್ಳಿ_ಮಿರ್ಚಿ
ಮಿರ್ಚಿ ಸಿಗೂದಿಲ್ಲೇನು ಅಲ್ಲೆ?

ಒಂದ್ಲೈನ್
ಪ್ಯಾಡ್ರಾನ್ ಮೆಣಸಿನಕಾಯಿ ಕರಿದಿದ್ದು. ಹತ್ತರಲ್ಲಿ ಒಂದು ಖಾರ.

ನೆಕರ್_ದಂಡೆ
ಗ್ಯಾಸ್ ಮುಗಿದ್ರೆ? ಜರ್ಮನಿಯ 11 ಕೆಜಿ ಸಿಲಿಂಡರ್ ಅಲ್ಲಿ ಬದಲಾಯಿಸಿ ಕೊಡ್ತಾರಾ? ಮತ್ತೆ ಮಕ್ಕಳ ಸೀಟು?

ಡೀಸೆಲ್_ದೊರೆ
ಕೊಡಲ್ಲ. ಅಲ್ಲಿಯದು 12.5 ಕೆಜಿಯ ಕಿತ್ತಳೆ ಬಣ್ಣದ ಬ್ಯೂಟೇನ್ ಸಿಲಿಂಡರ್, ಬೇರೆ ಥರದ ರೆಗ್ಯುಲೇಟರ್. ನಿಮ್ಮದು ಮಾಲಗಾದ ಗಾಡಿ, ಅದಕ್ಕೆ ಒಪ್ಪುವುದೇ ಇರುತ್ತೆ, ಚಿಂತೆ ಬೇಡ. ಬರೀ ಅಡುಗೆಗೆ ಒಂದು ಸಿಲಿಂಡರ್ ವಾರಗಟ್ಟಲೆ ಬರುತ್ತೆ. ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರ ಆವಿಯಾಗಲ್ಲ, ಆದ್ರೆ ಅಕ್ಟೋಬರ್‌ನಲ್ಲಿ ರೋಂಡಾ ಅಷ್ಟು ಇಳಿಯಲ್ಲ. ಜನವರಿಯಲ್ಲಿ ಸಿಯೆರಾ ನೆವಾದಾ ಹತ್ತೋರಿಗೆ ಪ್ರೊಪೇನ್ ಬೇಕು.

ಫ್ರಿಜ್ ಗ್ಯಾಸ್‌ನಲ್ಲಿ ಓಡೋ ಥರದ್ದಾದ್ರೆ ಗಾಡಿ ಸಮತಟ್ಟಾಗಿ ನಿಂತಿರಬೇಕು, ಓರೆಯಾದ್ರೆ ಒಳಗಿನ ಅಮೋನಿಯಾ ದ್ರಾವಣ ಸರಿಯಾಗಿ ಹರಿಯಲ್ಲ, ತಂಪಾಗಲ್ಲ. ಅದರ ಗಾಳಿಕಿಂಡಿ ಇರೋ ಮಗ್ಗುಲು ನೆರಳಿಗೆ ಬರೋ ಹಾಗೆ ನಿಲ್ಲಿಸಿ. 12 ವೋಲ್ಟ್ ಮೋಡ್ ಎಂಜಿನ್ ಓಡುವಾಗ ಮಾತ್ರ.

ಕಲಂ_ಕಟ್ಟಳೆ
ಮಕ್ಕಳು: 135 ಸೆಂಮೀ ಒಳಗಿನವರಿಗೆ ಹಿಂದಿನ ಸೀಟು, ಅಳತೆಗೆ ತಕ್ಕ ಚೈಲ್ಡ್ ಸೀಟ್. ಮೋಟರ್‌ಹೋಮ್‌ನಲ್ಲಿ ಮುಂದಕ್ಕೆ ಮುಖ ಮಾಡಿರುವ, ಮೂರು ಬಿಂದುವಿನ ಬೆಲ್ಟ್ ಇರುವ ಸೀಟುಗಳು ಎರಡೇ ಇರಬಹುದು. ಗಾಡಿ ಬುಕ್ ಮಾಡುವಾಗಲೇ ಎಣಿಸಿ ಕೇಳಿ. ಓಡುವಾಗ ಹಾಸಿಗೆ ಮೇಲೆ ಮಲಗಿಸುವ ಹಾಗಿಲ್ಲ.

2026ರ ಜನವರಿ 1ರಿಂದ ಸ್ಪೇನಿನ ಗಾಡಿಗಳಲ್ಲಿ ತ್ರಿಕೋನದ ಬದಲು ವಿ-16 ಅನ್ನೋ ಮಿನುಗುವ ದೀಪ ಕಡ್ಡಾಯ. ಗಾಡಿ ಕೆಟ್ಟರೆ ಕೈ ಹೊರಗೆ ಚಾಚಿ ಚಾವಣಿ ಮೇಲೆ ಇಡಬೇಕು. ಮೂರು ಮೀಟರ್ ಚಾವಣಿಗೆ ಕೈ ಎಟುಕಲ್ಲ, ಡ್ರೈವರ್ ಬಾಗಿಲಿನ ಮೇಲೋ ಬಾನೆಟ್ ಮೇಲೋ ಆದಷ್ಟು ಎತ್ತರದಲ್ಲಿ ಅಂಟಿಸಿ. ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ಇದೆಯಾ ಅಂತ ಗಾಡಿ ತಗೊಳ್ಳುವಾಗಲೇ ನೋಡಿ.

ನೆಕರ್_ದಂಡೆ
ಕೊನೇ ಪ್ರಶ್ನೆ. ದಾವಣಗೆರೆಯಿಂದ ಭಾವಮೈದುನ ಮಧ್ಯದಲ್ಲಿ ಎರಡು ದಿನ ಸೇರ್ಕೋತಾನೆ. ಅವನ ಭಾರತದ ಲೈಸೆನ್ಸ್‌ನಲ್ಲಿ ಓಡಿಸಬಹುದಾ?

ಕಲಂ_ಕಟ್ಟಳೆ
ಪ್ರವಾಸಿ ಆಗಿ ಬಂದರೆ ಭಾರತದ ಲೈಸೆನ್ಸ್ ಜೊತೆ ಅಂತಾರಾಷ್ಟ್ರೀಯ ಪರ್ಮಿಟ್ ಬೇಕು, ಎರಡೂ ಕೈಯಲ್ಲಿರಬೇಕು. ಊರಿನ ಆರ್‌ಟಿಒದಲ್ಲೇ ಮಾಡಿಸಿಕೊಂಡು ಬರಬೇಕು: ಫಾರ್ಮ್ 4ಎ, ಪಾಸ್‌ಪೋರ್ಟ್, ವೀಸಾ, ಶುಲ್ಕ 1,000 ರೂಪಾಯಿ. ಒಂದು ವರ್ಷ ಚಾಲ್ತಿ. ಬಾಡಿಗೆ ಕರಾರಿನಲ್ಲಿ ಎರಡನೇ ಡ್ರೈವರ್ ಅಂತ ಅವರ ಹೆಸರು ಸೇರಿಸದಿದ್ರೆ ವಿಮೆ ಇಲ್ಲ. ವಯಸ್ಸು, ಲೈಸೆನ್ಸ್ ಎಷ್ಟು ವರ್ಷದ್ದು ಅಂತಲೂ ಕೇಳ್ತಾರೆ.

ಡೀಸೆಲ್_ದೊರೆ
ಅವರು ಬಂದ್ಮೇಲೆ ಐದು ಜನ. ಬೆಲ್ಟ್ ಇರೋ ಸೀಟು ನಾಲ್ಕೇ ಇದ್ರೆ ಲೈಸೆನ್ಸ್ ಮಾತು ಆಮೇಲೆ. ತೂಕಕ್ಕೂ ಇನ್ನೊಂದು 75 ಸೇರಿಸಿ.

ನೆಕರ್_ದಂಡೆ
ಅಯ್ಯೋ, ನಾಲ್ಕೇ ಇದೆ.

ಹುಬ್ಳಿ_ಮಿರ್ಚಿ
ಮಾಲಗಾದಿಂದ ರೋಂಡಾಕ್ಕ ರೈಲು ಐತಿ, ಬಸ್ಸೂ ಐತಿ. ಅಂವಾ ಅದ್ರಾಗ ಬರ್ಲಿ, ಕ್ಯಾಂಪ್‌ಸೈಟ್‌ನಾಗ ಒಂದು ಡೇರೆ ಹೊಡದು ಕೊಡ್ರಿ.